ಮಾರಿಯೋನ ಜಿಗಿತ, ಚಂದ್ರನ ಮೇಲಿನ ಇಳಿತ: ಹಳೆಯ ವಿಡಿಯೊ ಆಟಗಳ ಭೌತಶಾಸ್ತ್ರ

ವಿಡಿಯೊ ಆಟಗಳಲ್ಲಿ ಭೌತಶಾಸ್ತ್ರದ ತಪ್ಪು ಹುಡುಕುವುದು ಬಹಳ ಸುಲಭ. ಗಾಳಿಯೇ ಇಲ್ಲದ ಆಕಾಶದಲ್ಲಿ ಸ್ಫೋಟದ ಸದ್ದು ಕೇಳಿಸುತ್ತದೆ. ನೆಲ ಬಿಟ್ಟು ಮೇಲೆದ್ದ ಆಟಗಾರ ಏನನ್ನೂ ಒದೆಯದೆ ನಡುಗಾಳಿಯಲ್ಲೇ ದಿಕ್ಕು ಬದಲಿಸುತ್ತಾನೆ. ಇಂಥವನ್ನು ಪಟ್ಟಿ ಮಾಡಿ ನಗುವ ಬರಹಗಳು ಸಾಕಷ್ಟು ಬಂದಿವೆ. ಅವುಗಳಿಂದ ಓದುಗರಿಗೆ ಆಗುವ ಲಾಭ ಕಡಿಮೆ. ಆಟ ಬರೆದವರಿಗೆ ನ್ಯೂಟನ್ನನ ನಿಯಮಗಳು ಗೊತ್ತಿರಲಿಲ್ಲ ಎಂದೇನಲ್ಲ. ಅವರ ಕೈಯಲ್ಲಿದ್ದ ಯಂತ್ರ ಒಂದು ಸೆಕೆಂಡಿನಲ್ಲಿ ಎಷ್ಟು ಲೆಕ್ಕ ಮಾಡಬಲ್ಲದಾಗಿತ್ತು, ಆ ಮಿತಿಯೊಳಗೆ ಅವರು ಯಾವ ನಿಯಮವನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು, ಬಿಟ್ಟದ್ದು ತಿಳಿದೋ ತಿಳಿಯದೆಯೋ ಎಂಬುದೇ ವಿಮರ್ಶೆ ಕೇಳಬೇಕಾದ ಪ್ರಶ್ನೆ. ಕೆಲವು ಹಳೆಯ ಆಟಗಳನ್ನು ಈ ಅಳತೆಗೋಲಿನಿಂದ ಇಲ್ಲಿ ನೋಡಲಾಗಿದೆ.

ಭೌತಶಾಸ್ತ್ರದ ಮೇಷ್ಟರಿಗೆ ಆಟದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಹೊಸಮನೆಯಂಥ ಬಡಾವಣೆಗಳಿಗೂ 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ವಿಡಿಯೊ ಗೇಮ್ ಪೆಟ್ಟಿಗೆಗಳು ಬಂದವು. ಅನಂತರ ಸೈಬರ್ ಕೆಫೆಗಳು ಬಂದವು, ಈಗ ಎಲ್ಲರ ಕೈಯಲ್ಲೂ ಮೊಬೈಲ್. ಎಸೆದ ವಸ್ತುವಿನ ಪಥ ಪರವಲಯ ಎಂಬ ಪಾಠಕ್ಕೆ ಬಂದು ಕೂರುವ ಬಿ.ಎಸ್ಸಿ. ವಿದ್ಯಾರ್ಥಿ ತಾನು ಎಸೆದ ಕಲ್ಲಿಗಿಂತ ಎಷ್ಟೋ ಹೆಚ್ಚು ಸಲ ಪರದೆಯ ಮೇಲಿನ ಜಿಗಿತವನ್ನು ನೋಡಿರುತ್ತಾನೆ. ಅವನ ಮನಸ್ಸಿನಲ್ಲಿರುವ ಗುರುತ್ವ ಅರ್ಧ ಭೂಮಿಯದು, ಅರ್ಧ ಪರದೆಯದು. ಇದು ಸಾಲದೆಂಬಂತೆ, 2020ರ ಕೋವಿಡ್ ಕಾಲದಿಂದ ಪ್ರಯೋಗಶಾಲೆಯೂ ಅಷ್ಟಿಷ್ಟು ಪರದೆಯೊಳಗೆ ಹೋಗಿದೆ. ಆ ಮಾತಿಗೆ ಮುಂದೆ ಬರೋಣ.

ಇತಿಹಾಸದ ಮೊದಲ ಪುಟದಲ್ಲೇ ಒಬ್ಬ ಭೌತವಿಜ್ಞಾನಿ ಇದ್ದಾನೆ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ವಿಲಿಯಂ ಹಿಗಿನ್‌ಬಾಥಮ್ 1958ರ ಅಕ್ಟೋಬರ್‌ನಲ್ಲಿ, ಪ್ರಯೋಗಾಲಯ ನೋಡಲು ಬರುವ ಸಾರ್ವಜನಿಕರಿಗಾಗಿ ಐದು ಇಂಚಿನ ಆಸಿಲೋಸ್ಕೋಪ್ ಪರದೆಯ ಮೇಲೆ ಟೆನ್ನಿಸ್ ಆಟವೊಂದನ್ನು ಮಾಡಿಟ್ಟ. ಲೆಕ್ಕ ಮಾಡಿದ್ದು ಅನಲಾಗ್ ಕಂಪ್ಯೂಟರ್. ಚೆಂಡಿನ ಪಥವನ್ನು ಲೆಕ್ಕ ಹಾಕುವ ಬಗೆ ಆ ಯಂತ್ರದ ಕೈಪಿಡಿಯಲ್ಲೇ ಇತ್ತು. ಇಲ್ಲಿ ಗುರುತ್ವವೆಂದರೆ ಒಂದು ವೋಲ್ಟೇಜು. ಅದನ್ನು ಒಮ್ಮೆ ಸಮಾಕಲಿಸಿದರೆ ವೇಗ, ಇನ್ನೊಮ್ಮೆ ಸಮಾಕಲಿಸಿದರೆ ಎತ್ತರ. ಮರುವರ್ಷ ಅವನು ಚಂದ್ರನ ಮತ್ತು ಗುರುಗ್ರಹದ ಗುರುತ್ವದಲ್ಲೂ ಆಡುವ ಅನುಕೂಲ ಸೇರಿಸಿದ. ಒಂದು ನಿಯತಾಂಕವನ್ನು ಬದಲಿಸಿದರೆ ಜಗತ್ತು ಹೇಗೆ ಬದಲಾಗುತ್ತದೆ ಎಂದು ನೋಡುವ ಈ ಕುತೂಹಲ ಅನಂತರದ ಎಷ್ಟೋ ದುಬಾರಿ ಆಟಗಳಲ್ಲಿ ಕಾಣುವುದಿಲ್ಲ.

1962ರ 'ಸ್ಪೇಸ್‌ವಾರ್' ಆಟದ ಕತೆ ಇನ್ನೂ ಸ್ವಾರಸ್ಯದ್ದು. ಎಂಐಟಿಯ ಪಿಡಿಪಿ-1 ಕಂಪ್ಯೂಟರಿಗಾಗಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಇದನ್ನು ಬರೆದರು. ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೂಡುವಿಕೆ ಮಾಡಬಲ್ಲ ಯಂತ್ರ ಅದು. ಎರಡು ನೌಕೆಗಳು ಪರಸ್ಪರ ಹೊಡೆದಾಡುತ್ತವೆ. ಎಂಜಿನ್ ನಿಲ್ಲಿಸಿದರೂ ನೌಕೆ ನಿಲ್ಲುವುದಿಲ್ಲ, ಜಡತ್ವದಿಂದ ಸಾಗುತ್ತಲೇ ಇರುತ್ತದೆ. ನಡುವೆ ಒಂದು ನಕ್ಷತ್ರವನ್ನಿಟ್ಟು ಅದಕ್ಕೆ ಗುರುತ್ವ ಕೊಟ್ಟವನು ಡ್ಯಾನ್ ಎಡ್ವರ್ಡ್ಸ್. ಅದಕ್ಕೆ ಬೇಕಾದ ಲೆಕ್ಕದ ಸಮಯ ಯಂತ್ರದಲ್ಲಿ ಇರಲಿಲ್ಲ. ಆದ್ದರಿಂದ ಅವನು ಮೊದಲು ನೌಕೆಯ ಚಿತ್ರ ಬಿಡಿಸುವ ಭಾಗವನ್ನು ಚುರುಕುಗೊಳಿಸಿ, ಹಾಗೆ ಉಳಿಸಿದ ಸಮಯವನ್ನು ಗುರುತ್ವಕ್ಕೆ ಕೊಟ್ಟ. ಆದರೂ ಎರಡು ನೌಕೆಗಳಿಗೆ ಸಾಕಾದದ್ದು ಹಾರಿಬಿಟ್ಟ ಎಲ್ಲ ಟಾರ್ಪೆಡೊಗಳಿಗೆ ಸಾಲಲಿಲ್ಲ. ಟಾರ್ಪೆಡೊಗಳು ನಕ್ಷತ್ರದ ಸೆಳೆತಕ್ಕೆ ಸಿಗದೆ ನೇರವಾಗಿ ಹೋದವು. ಅವು ಫೋಟಾನ್ ಟಾರ್ಪೆಡೊಗಳು ಎಂಬ ಸಮಜಾಯಿಷಿಯೂ ಹುಟ್ಟಿತು. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಯಾವ ನಿಯಮವನ್ನು ಎಲ್ಲಿ ಕೈಬಿಡಲಾಗಿದೆ ಎಂಬುದು ಬರೆದವರಿಗೆ ಗೊತ್ತಿತ್ತು, ಆಡುವವರಿಗೂ ಕಾಣುತ್ತಿತ್ತು. 1979ರ 'ಆಸ್ಟರಾಯ್ಡ್ಸ್' ಇದೇ ವಂಶದ್ದು. ಅಲ್ಲಿ ನೌಕೆ ತಾನಾಗಿಯೇ ನಿಧಾನವಾಗುತ್ತದೆ, ಆಕಾಶದಲ್ಲಿ ಗಾಳಿ ಇರುವಂತೆ. ಇದು ಆಟಗಾರನಿಗೆ ಕೊಟ್ಟ ಸೌಲಭ್ಯ, ಅಷ್ಟೆ.

ಈಗ ನನ್ನ ಮೆಚ್ಚಿನ ಆಟಕ್ಕೆ ಬರುತ್ತೇನೆ. ಇದರಲ್ಲಿ ಚಿತ್ರವೇ ಇರಲಿಲ್ಲ. ಮನುಷ್ಯ ಚಂದ್ರನ ಮೇಲಿಳಿದ ಕೆಲವೇ ತಿಂಗಳ ಮೇಲೆ, 1969ರಲ್ಲಿ, ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್‌ಟನ್ ಪ್ರೌಢಶಾಲೆಯ ವಿದ್ಯಾರ್ಥಿ ಜಿಮ್ ಸ್ಟೋರರ್ ಪಿಡಿಪಿ-8 ಕಂಪ್ಯೂಟರಿಗಾಗಿ ಫೋಕಲ್ ಭಾಷೆಯಲ್ಲಿ ಚಂದ್ರನೌಕೆಯ ಆಟವನ್ನು ಬರೆದ. ಪ್ರತಿ 10 ಸೆಕೆಂಡಿಗೊಮ್ಮೆ ಯಂತ್ರ ಎತ್ತರ, ವೇಗ, ಉಳಿದ ಇಂಧನಗಳನ್ನು ಕಾಗದದ ಮೇಲೆ ಅಚ್ಚು ಮಾಡುತ್ತಿತ್ತು; ಸೆಕೆಂಡಿಗೆ ಎಷ್ಟು ಪೌಂಡು ಇಂಧನ ಸುಡಬೇಕೆಂದು ಆಟಗಾರ ಒತ್ತುತ್ತಿದ್ದ. ಗರಿಷ್ಠ ದರ 200 ಪೌಂಡು. ಆರಂಭದಲ್ಲಿ ಎತ್ತರ 120 ಮೈಲಿ, ವೇಗ ಸೆಕೆಂಡಿಗೆ ಒಂದು ಮೈಲಿ.

ಈ ಪುಟ್ಟ ಕ್ರಮವಿಧಿಯ ಒಳಗಿನ ಅಂಕೆಗಳನ್ನು ನೋಡಿ. ಗುರುತ್ವದ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 0.001 ಮೈಲಿ, ಅಂದರೆ 1.61 ಮೀಟರ್. ಚಂದ್ರನ ಮೇಲ್ಮೈಯಲ್ಲಿ ನಿಜವಾದ ಬೆಲೆ 1.62. ರಾಕೆಟ್ಟಿನಿಂದ ಹೊರಬೀಳುವ ಅನಿಲದ ವೇಗ ಸೆಕೆಂಡಿಗೆ 1.8 ಮೈಲಿ, ಅಂದರೆ 2.9 ಕಿಲೋಮೀಟರ್, ಅಪೊಲೊ ಚಂದ್ರನೌಕೆಯ ಇಳಿಕೆಯ ಎಂಜಿನ್ನಿನಲ್ಲಿ ಅದು ಸುಮಾರು 3.05 ಕಿಲೋಮೀಟರ್. ಇಂಧನ ಉರಿದಂತೆ ನೌಕೆಯ ತೂಕ ಇಳಿಯುತ್ತದೆ, ತೂಕ ಇಳಿದಂತೆ ಅದೇ ನೂಕುಬಲ ಹೆಚ್ಚು ವೇಗೋತ್ಕರ್ಷ ಕೊಡುತ್ತದೆ. ಇದಕ್ಕೆ ಬೇಕಾದದ್ದು ಲಘುಗಣಕವಿರುವ ತ್ಸಿಯೊಲ್ಕೋವ್‌ಸ್ಕಿ ಸಮೀಕರಣ. ಹುಡುಗ ಆ ಲಘುಗಣಕವನ್ನು ಶ್ರೇಣಿಯಾಗಿ ಬಿಡಿಸಿ ಐದನೆಯ ಘಾತದವರೆಗೆ ಪದಗಳನ್ನು ಇಟ್ಟುಕೊಂಡಿದ್ದಾನೆ. ಎತ್ತರಕ್ಕೂ ಅದೇ ಶ್ರೇಣಿಯನ್ನು ಸಮಾಕಲಿಸಿ ಇನ್ನೊಂದು ಸಾಲು. 10 ಸೆಕೆಂಡಿನಷ್ಟು ಉದ್ದದ ಹೆಜ್ಜೆ ಇಟ್ಟರೂ ಲೆಕ್ಕ ಹಳಿ ತಪ್ಪದಿರಲು ಇದೇ ಕಾರಣ. ಇಂದಿನ ಬಹುಪಾಲು ಆಟಗಳು ಸೆಕೆಂಡಿನ ಅರವತ್ತನೆಯ ಒಂದು ಪಾಲಿನ ಹೆಜ್ಜೆಯಲ್ಲಿ ಒರಟು ಕೂಡುವಿಕೆ ಮಾಡಿ ದಾಟಿಸುವುದನ್ನು ಇವನು ಕಲನಶಾಸ್ತ್ರದಿಂದ ಸಾಧಿಸಿದ್ದಾನೆ.

ಆದರೂ ಇದರಲ್ಲಿ ಒಂದು ತಪ್ಪು ಉಳಿದಿತ್ತು. 55 ವರ್ಷ ಕಳೆದ ಮೇಲೆ, 2024ರಲ್ಲಿ, ಮಾರ್ಟಿನ್ ಸಿ. ಮಾರ್ಟಿನ್ ಎಂಬ ತಂತ್ರಾಂಶ ತಜ್ಞ ಅದನ್ನು ಹೊರಗೆಳೆದರು. ಒಂದೇ ಹೆಜ್ಜೆಯೊಳಗೆ ನೌಕೆ ಕೆಳಗಿಳಿದು, ವೇಗ ಸೊನ್ನೆಯಾಗಿ, ಮತ್ತೆ ಮೇಲೇಳುವ ಸಂದರ್ಭ ಇದೆಯಷ್ಟೆ. ಅತಿ ಕೆಳಗಿನ ಆ ಬಿಂದುವಿನಲ್ಲಿ ನೆಲ ಮುಟ್ಟಿತೇ ಎಂದು ಪರೀಕ್ಷಿಸಬೇಕು. ಅದಕ್ಕಾಗಿ ವೇಗ ಸೊನ್ನೆಯಾಗುವ ಕ್ಷಣವನ್ನು ವರ್ಗಸಮೀಕರಣದಿಂದ ಕಂಡುಹಿಡಿಯಬೇಕು. ವರ್ಗಮೂಲದ ಚಿಹ್ನೆಯ ಒಳಗೆ, ವೇಗವನ್ನು ಅನಿಲದ ವೇಗದ ಎರಡರಷ್ಟರಿಂದ ಭಾಗಿಸಬೇಕಾದಲ್ಲಿ, ಆ 'ಎರಡು' ಬಿಟ್ಟುಹೋಗಿದೆ. ಪೆನ್ನು ಕಾಗದ ಹಿಡಿದು ಹತ್ತು ನಿಮಿಷ ಕೂತರೆ ಓದುಗರೂ ಇದನ್ನು ಖಚಿತಪಡಿಸಿಕೊಳ್ಳಬಹುದು. ಒಟ್ಟು ತೂಕ 20,000 ಪೌಂಡು, ಇಂಧನದ ದರ 200, ವೇಗ ಸೆಕೆಂಡಿಗೆ 0.1 ಮೈಲಿ ಎಂದಿಟ್ಟುಕೊಳ್ಳಿ. ವೇಗ ಸೊನ್ನೆಯಾಗಬೇಕಾದದ್ದು 5.7 ಸೆಕೆಂಡಿಗೆ; ಕ್ರಮವಿಧಿಯ ಸೂತ್ರ ಕೊಡುವುದು 5.56. ಆ ಸಾಲಿನ ಕೊನೆಯಲ್ಲಿ 0.05 ಸೆಕೆಂಡನ್ನು ಸುಮ್ಮನೆ ಕೂಡಿಸಲಾಗಿದೆ. ವೇಗ ಇದರ ಅರ್ಧದಷ್ಟಿದ್ದರೆ ಆ ತೇಪೆ ಸಾಕಾಗುತ್ತದೆ, ಇಷ್ಟು ವೇಗಕ್ಕೆ ಸಾಲುವುದಿಲ್ಲ. ಪರಿಣಾಮವಾಗಿ, ಕೊನೆಯ ಕ್ಷಣದವರೆಗೆ ಬೀಳಲು ಬಿಟ್ಟು ಅನಂತರ ಪೂರ್ಣ ಬಲದಿಂದ ತಡೆಯುವ, ಅತಿ ಕಡಿಮೆ ಇಂಧನ ಬೇಡುವ ಇಳಿತ ಈ ಆಟದಲ್ಲಿ ಸರಿಯಾಗಿ ದಕ್ಕುವುದಿಲ್ಲ.

ಒಬ್ಬ ಶಾಲಾ ಹುಡುಗನ ಬೀಜಗಣಿತದಲ್ಲಿ ಎರಡು ಬಿಟ್ಟುಹೋದದ್ದು ದೊಡ್ಡ ಸಂಗತಿಯಲ್ಲ. ನನ್ನನ್ನು ಕಾಡುವುದು ಅದರ ಮುಂದಿನ ಕತೆ. ಈ ಆಟ ಬೇಸಿಕ್ ಭಾಷೆಗೆ ಬಂತು, 1973ರಲ್ಲಿ ಡೇವಿಡ್ ಆಹ್ಲ್ ಸಂಪಾದಿಸಿದ ಬೇಸಿಕ್ ಆಟಗಳ ಪುಸ್ತಕದಲ್ಲಿ ಅಚ್ಚಾಯಿತು, ಅಲ್ಲಿಂದ ಯಂತ್ರದಿಂದ ಯಂತ್ರಕ್ಕೆ ನಕಲಾಯಿತು. ನಕಲಿನ ಜೊತೆಗೆ ಬಿಟ್ಟುಹೋದ ಎರಡೂ ಆ 0.05ರ ತೇಪೆಯೂ ಹಾಗೆಯೇ ಸಾಗಿದವು. ಕಂಪ್ಯೂಟರ್ ಹೇಳಿದ್ದನ್ನು ಯಾರೂ ಕೈಯಲ್ಲಿ ಲೆಕ್ಕ ಹಾಕಿ ನೋಡಲಿಲ್ಲ.

ಇನ್ನು ಮಾರಿಯೋ. ನಮ್ಮ ಊರುಗಳ ಟಿವಿ ಪೆಟ್ಟಿಗೆಗಳಲ್ಲಿ ಓಡುತ್ತಿದ್ದ 'ಸೂಪರ್ ಮಾರಿಯೋ ಬ್ರದರ್ಸ್' 1985ರದ್ದು. ನಿಂಟೆಂಡೊ ಸಂಸ್ಥೆಗಾಗಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ್ದು. ಇಡೀ ಆಟ 40 ಕಿಲೋಬೈಟ್. ಅದನ್ನು ಓಡಿಸುವ ಚಿಪ್ಪಿಗೆ ಗುಣಾಕಾರದ ಆದೇಶವೇ ಇರಲಿಲ್ಲ, ಬರುತ್ತಿದ್ದದ್ದು ಕೂಡುವುದು ಕಳೆಯುವುದು ಮಾತ್ರ. ನಿಂತಲ್ಲಿಂದ ಜಿಗಿಯುವ ಮಾರಿಯೋನ ಆರಂಭದ ವೇಗ ಪ್ರತಿ ಚಿತ್ರಕ್ಕೆ 4 ಪಿಕ್ಸೆಲ್. ಬಟನ್ ಒತ್ತಿ ಹಿಡಿದಿರುವಾಗ ಗುರುತ್ವ 0.125 ಪಿಕ್ಸೆಲ್, ಬಟನ್ ಬಿಟ್ಟಾಗ ಅಥವಾ ಬೀಳತೊಡಗಿದಾಗ 0.4375. ಅಂದರೆ ಏರುವಾಗಿನ ಗುರುತ್ವದ ಮೂರೂವರೆ ಪಟ್ಟು ಇಳಿಯುವಾಗ! ನಮಗೆ ಪರಿಚಿತವಾದ ಸೂತ್ರದಲ್ಲಿ ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೆ ಎತ್ತರ 64 ಪಿಕ್ಸೆಲ್, ಅಂದರೆ ಸರಿಯಾಗಿ ನಾಲ್ಕು ಇಟ್ಟಿಗೆ. ಆಡಿದವರಿಗೆ ಈ ನಾಲ್ಕು ಇಟ್ಟಿಗೆಯ ಎತ್ತರ ಕೈಬೆರಳಿಗೇ ಗೊತ್ತು.

ಅಣಬೆ ತಿಂದು ಎತ್ತರವಾದ ಮಾರಿಯೋನ 32 ಪಿಕ್ಸೆಲ್ಲನ್ನು 1.6 ಮೀಟರ್ ಎಂದು ಎಣಿಸೋಣ. ಸೆಕೆಂಡಿಗೆ 60 ಚಿತ್ರ. ಆಗ ಏರುವಾಗಿನ ಗುರುತ್ವ 22.5, ಬೀಳುವಾಗಿನದು 79 ಮೀಟರ್ ಪ್ರತಿ ಸೆಕೆಂಡ್ ವರ್ಗ. ಎರಡನೆಯದು ಭೂಮಿಯದರ ಎಂಟು ಪಟ್ಟು. ಬೀಳುವ ವೇಗಕ್ಕೆ ಮಿತಿಯೂ ಇದೆ, ಸುಮಾರು ಸೆಕೆಂಡಿಗೆ 12ರಿಂದ 13 ಮೀಟರ್. ಇಂಥ ಗ್ರಹ ಯಾವ ಸೌರವ್ಯೂಹದಲ್ಲೂ ಇರಲಾರದು. ಏಕೆಂದರೆ ಇಲ್ಲಿ ಗುರುತ್ವ ಆಟಗಾರನ ಹೆಬ್ಬೆರಳನ್ನು ಅವಲಂಬಿಸಿದೆ, ಶಕ್ತಿಯ ಸಂರಕ್ಷಣೆ ಎಂಬ ಮಾತಿಗೆ ಅರ್ಥವೇ ಇಲ್ಲ. ಹಾಗಿದ್ದರೂ ಇದನ್ನು ಕೆಟ್ಟ ಭೌತಶಾಸ್ತ್ರ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಭೂಮಿಯ ಗುರುತ್ವವನ್ನೇ ಇಟ್ಟು 3.2 ಮೀಟರ್ ಜಿಗಿಸಿದ್ದರೆ ಮಾರಿಯೋ ಸುಮಾರು 1.6 ಸೆಕೆಂಡು ನಡುಗಾಳಿಯಲ್ಲಿ ತೇಲಬೇಕಿತ್ತು, ಅಷ್ಟು ಹೊತ್ತು ಆಟಗಾರ ಕೈಕಟ್ಟಿ ಕೂರಬೇಕಿತ್ತು. ಬರೆದವರು ಎರಡು ಅಂಕೆಗಳಲ್ಲಿ ಆ ಕಾಯುವಿಕೆಯನ್ನು ತೆಗೆದುಹಾಕಿದರು. ಮಾರಿಯೋನ ಜಗತ್ತಿನಲ್ಲಿ ನಿಯಮ ವಿಚಿತ್ರ, ಆದರೆ ಅದು ಎಂದೂ ತಪ್ಪುವುದಿಲ್ಲ. ಆಟದ ಭೌತಶಾಸ್ತ್ರಕ್ಕೆ ನಾನು ಕೇಳುವ ಮೊದಲ ಗುಣ ಇದೇ.

1990ರ ದಶಕದ ಮಧ್ಯದವರೆಗೆ ಪ್ರತಿ ಆಟಕ್ಕೂ ಅದರದೇ ಗುರುತ್ವ, ಅದರದೇ ಡಿಕ್ಕಿ. ಅನಂತರ ದೃಢಕಾಯಗಳ ಚಲನೆ, ಡಿಕ್ಕಿ, ಘರ್ಷಣೆಗಳನ್ನು ಒಟ್ಟಿಗೆ ಲೆಕ್ಕ ಮಾಡುವ ಸಿದ್ಧ ತಂತ್ರಾಂಶ, ಅಂದರೆ ಫಿಸಿಕ್ಸ್ ಎಂಜಿನ್, ಬೇರೆಯ ಸರಕಾಯಿತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಒಳಗಿಂದ 1998ರಲ್ಲಿ ಹುಟ್ಟಿದ ಹ್ಯಾವಕ್ ಸಂಸ್ಥೆ ಇದರಲ್ಲಿ ಹೆಸರಾಯಿತು. 2007ರಲ್ಲಿ ಇಂಟೆಲ್, 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡವು.

ಅದೇ 1998ರಲ್ಲಿ ಡ್ರೀಮ್‌ವರ್ಕ್ಸ್ ಇಂಟರಾಕ್ಟಿವ್‌ನಿಂದ ಬಂದ 'ಟ್ರೆಸ್‌ಪಾಸರ್' ಆಟವನ್ನು ಎಲ್ಲರೂ ಸೋಲಿನ ಉದಾಹರಣೆಯಾಗಿ ಹೇಳುತ್ತಾರೆ. ಅದರ ಮುಖ್ಯಸ್ಥ ಸೀಮಸ್ ಬ್ಲ್ಯಾಕ್‌ಲೀ ಫರ್ಮಿಲ್ಯಾಬ್‌ನಲ್ಲಿ ಕೆಲಸ ಮಾಡಿ ಬಂದ ಭೌತಶಾಸ್ತ್ರದ ವಿದ್ಯಾರ್ಥಿ. ಪೆಟ್ಟಿಗೆ, ಹಲಗೆ, ಡೈನೊಸಾರ್, ಆಟಗಾರ್ತಿಯ ಕೈ ಎಲ್ಲವೂ ಒಂದೇ ಚಲನನಿಯಮಕ್ಕೆ ಒಳಪಡಬೇಕೆಂಬುದು ಅವನ ಹಟ. ಅಂದಿನ ಕಂಪ್ಯೂಟರಿಗೆ ಅದು ಹೆಚ್ಚಾಯಿತು. ಪೆಟ್ಟಿಗೆಗಳು ಒಂದರೊಳಗೊಂದು ತೂರಿದವು, ಡೈನೊಸಾರ್‌ಗಳು ಕುಡಿದವರಂತೆ ನಡೆದವು, ಕೈಯಂತೂ ನಗೆಪಾಟಲಾಯಿತು. ಆದರೆ ನನ್ನ ಲೆಕ್ಕದಲ್ಲಿ ಇದು 2004ರ ಪ್ರಸಿದ್ಧ 'ಹಾಫ್-ಲೈಫ್ 2' ಆಟಕ್ಕಿಂತ ಪ್ರಾಮಾಣಿಕ. ವಾಲ್ವ್ ಸಂಸ್ಥೆ ಹ್ಯಾವಕ್ ಎಂಜಿನ್ನನ್ನು ತನಗೆ ಬೇಕಾದಂತೆ ತಿದ್ದಿ ಬಳಸಿದ ಈ ಆಟದಲ್ಲಿ ಏತದಂತೆ ಮೇಲೆ ಕೆಳಗೆ ಆಡುವ ಹಲಗೆಯ ಒಂದು ತುದಿಗೆ ಇಟ್ಟಿಗೆ ಹೇರಿ ಇನ್ನೊಂದು ತುದಿಯಿಂದ ಮೇಲೇರುವ ಒಗಟು ಇದೆ. ಸನ್ನೆಯ ನಿಯಮವನ್ನು ಇದಕ್ಕಿಂತ ಸೊಗಸಾಗಿ ಯಾವ ಆಟವೂ ಕಲಿಸಿಲ್ಲ. ಅದೇ ಆಟದಲ್ಲಿ ನಾಯಕ ತನ್ನ ಗುರುತ್ವ ಬಂದೂಕಿನಿಂದ ಭಾರಿ ಸಾಮಾನನ್ನು ಎತ್ತಿ ಎಸೆದಾಗ ಅವನು ಕೂದಲೆಳೆಯಷ್ಟೂ ಹಿಂದೆ ಸರಿಯುವುದಿಲ್ಲ. ನ್ಯೂಟನ್ನನ ಮೂರನೆಯ ನಿಯಮ ಪೀಪಾಯಿಗಳಿಗೆ ಇದೆ, ನಾಯಕನಿಗಿಲ್ಲ. ಏಕೆಂದರೆ ಅವನ ಚಲನೆ ಎಂಜಿನ್ನಿನ ಹೊರಗೆ ಬೇರೆಯೇ ಲೆಕ್ಕದಿಂದ ನಡೆಯುತ್ತದೆ. ಆಟಗಾರರು ಈ ಬಿರುಕನ್ನು ಬೇಗ ಕಂಡುಕೊಂಡರು. ಕೈಯಲ್ಲಿ ಹಿಡಿದ ವಸ್ತುವಿನ ಮೇಲೆಯೇ ನಿಂತು ಜಿಗಿಯುತ್ತ ಆಕಾಶಕ್ಕೇರಿದರು. ಸ್ಪೇಸ್‌ವಾರ್‌ನ ಟಾರ್ಪೆಡೊಗಳದ್ದು ಬಹಿರಂಗ ವಿನಾಯಿತಿ, ಇಲ್ಲಿಯದು ಮುಚ್ಚಿಟ್ಟ ವಿನಾಯಿತಿ.

ಈ ನಡುವೆ 2000ದ 'ಹಿಟ್‌ಮ್ಯಾನ್' ಆಟದಲ್ಲಿ ಡೆನ್ಮಾರ್ಕಿನ ಥಾಮಸ್ ಯಾಕೊಬ್ಸೆನ್ ಮಾಡಿದ ಕೆಲಸ ನಮ್ಮ ವಿಷಯಕ್ಕೆ ಹತ್ತಿರದ್ದು. ಬಿದ್ದ ದೇಹ ಚಿಂದಿ ಬೊಂಬೆಯಂತೆ ಮೆಟ್ಟಿಲಿಗೆ ತಕ್ಕಂತೆ ಕುಸಿಯಬೇಕು. ಅವನು ದೇಹವನ್ನು ಕಣಗಳಾಗಿ, ಮೂಳೆಗಳನ್ನು ಆ ಕಣಗಳ ನಡುವಿನ ಬದಲಾಗದ ದೂರಗಳಾಗಿ ಕಂಡ. ಕಣಗಳನ್ನು ನಡೆಸಲು ಬಳಸಿದ್ದು ವೆರ್ಲೆ ವಿಧಾನ. ಫ್ರಾನ್ಸಿನ ಭೌತವಿಜ್ಞಾನಿ ಲೂಪ್ ವೆರ್ಲೆ 1967ರಲ್ಲಿ ದ್ರವದ ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಸರಿಸಲು ಬಳಸಿದ ಉಪಾಯ ಅದು. ವೇಗವನ್ನು ಬೇರೆಯಾಗಿ ಬರೆದಿಡುವುದೇ ಇಲ್ಲ. ಈಗಿನ ಸ್ಥಾನ ಮತ್ತು ಹಿಂದಿನ ಸ್ಥಾನ ಇವೆರಡರಿಂದ ಮುಂದಿನ ಸ್ಥಾನ. ಆರ್ಗಾನ್ ದ್ರವದಿಂದ ಹೊರಟ ಗಣಿತ ಬಾಡಿಗೆ ಕೊಲೆಗಾರನ ಆಟಕ್ಕೆ ಬಂದದ್ದು ವಿಜ್ಞಾನದ ದಾರಿ ಎಷ್ಟು ಅಡ್ಡಾದಿಡ್ಡಿ ಎಂಬುದನ್ನು ತೋರಿಸುತ್ತದೆ.

ಹೆಜ್ಜೆಯ ಉದ್ದ ಎಂಬುದು ಎಷ್ಟು ಮುಖ್ಯವೆಂದು ತಿಳಿಯಲು ಒಂದು ಮೀಟರ್ ಉದ್ದದ ಲೋಲಕ ಸಾಕು. ಅದರ ಆವರ್ತಕಾಲ ಎರಡು ಸೆಕೆಂಡು. ಸೆಕೆಂಡಿಗೆ 60 ಹೆಜ್ಜೆಯಂತೆ ಆಯ್ಲರ್‌ನ ಸರಳ ವಿಧಾನದಲ್ಲಿ, ಹಳೆಯ ವೇಗದಿಂದ ಹೊಸ ಸ್ಥಾನವನ್ನೂ ಹಳೆಯ ಸ್ಥಾನದಿಂದ ಹೊಸ ವೇಗವನ್ನೂ ಲೆಕ್ಕ ಮಾಡಿದರೆ ಪ್ರತಿ ಹೆಜ್ಜೆಗೂ ಶಕ್ತಿ ಶೇಕಡಾ 0.27ರಷ್ಟು ಬೆಳೆಯುತ್ತದೆ. ನಾಲ್ಕು ಸೆಕೆಂಡು ದಾಟುವಷ್ಟರಲ್ಲಿ ಇಮ್ಮಡಿ! ಯಾರೂ ತಳ್ಳದ ಲೋಲಕ ತಾನೇ ಜೋರಾಗುತ್ತ ಹೋಗುತ್ತದೆ. ಮೊದಲು ವೇಗವನ್ನು ಲೆಕ್ಕ ಮಾಡಿ, ಆ ಹೊಸ ವೇಗದಿಂದಲೇ ಸ್ಥಾನವನ್ನು ಲೆಕ್ಕ ಮಾಡಿದರೆ ಈ ರೋಗ ಹೋಗುತ್ತದೆ. ಎರಡು ಸಾಲುಗಳ ಸ್ಥಾನ ಅದಲುಬದಲು, ಅಷ್ಟೆ. 1999ರ 'ಕ್ವೇಕ್ 3' ಆಟದಲ್ಲಂತೂ ವೇಗವನ್ನು ಪೂರ್ಣಾಂಕಕ್ಕೆ ತಿದ್ದುವ ಕ್ರಮದಿಂದಾಗಿ, ಸೆಕೆಂಡಿಗೆ 125 ಚಿತ್ರ ಬರುವಂತೆ ಹೊಂದಿಸಿಕೊಂಡವರು ಉಳಿದವರಿಗಿಂತ ಎತ್ತರ ಜಿಗಿಯುತ್ತಿದ್ದರು. ದಶಮಾಂಶ ಬಿಟ್ಟದ್ದರಿಂದ ಗುರುತ್ವವೇ ಕಡಿಮೆಯಾದ ಲೋಕ ಅದು.

ಎಂಜಿನ್ ಬರೆದವರ ಹೆಸರಿನ ವಿಷಯ ಬೇರೆಯೇ ಇದೆ. 2009ರ ಕೊನೆಗೆ ಬಂದ ಫಿನ್ಲೆಂಡಿನ 'ಆಂಗ್ರಿ ಬರ್ಡ್ಸ್' ಹಕ್ಕಿಗಳನ್ನು ಹಾರಿಸುವುದು ಎರಿನ್ ಕ್ಯಾಟೊ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಬಾಕ್ಸ್2ಡಿ ಎಂಜಿನ್. ಹೆಸರು ಹಾಕಲೇಬೇಕೆಂಬ ಷರತ್ತು ಇರಲಿಲ್ಲ, ಹಾಕಿರಲೂ ಇಲ್ಲ. 2011ರ ಸಮ್ಮೇಳನವೊಂದರಲ್ಲಿ ಕ್ಯಾಟೊ ಸಭೆಯ ನಡುವೆ ಎದ್ದು ನಿಂತು ಯಾವ ಎಂಜಿನ್ ಬಳಸಿದ್ದೀರಿ ಎಂದು ಕೇಳಿ, ಉತ್ತರ ಪಡೆದು, ಹಾಗಾದರೆ ಅದರ ಹೆಸರನ್ನು ಆಟದಲ್ಲಿ ಕಾಣಿಸುವಿರಾ ಎಂದು ಕೇಳಬೇಕಾಯಿತು.

ಕರ್ನಾಟಕದ ಪಾಲು ಇದರಲ್ಲಿ ಏನು? 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಅದು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಅಲ್ಲಿಯ ಕಲಾವಿದರ ಕೈಕೆಲಸ 'ಫೋರ್ಜಾ' ಸರಣಿಯ ಕಾರುಗಳಲ್ಲಿ ಇದೆ. ಘಟ್ಟ ಇಳಿದರೆ ಉಡುಪಿಯ 99ಗೇಮ್ಸ್ ಇದೆ. 2013ರಲ್ಲಿ 'ಧೂಮ್ 3' ಚಿತ್ರದ ಬೈಕು ಆಟವನ್ನು ಮಾಡಿದ್ದು ಅವರೇ. ಇವು ಹೆಮ್ಮೆಪಡಬೇಕಾದ ಕೆಲಸಗಳು. ಆದರೆ ಫೋರ್ಜಾದ ಕಾರಿನ ಮೈ ಬೆಂಗಳೂರಿನದಾದರೂ ಟಯರು ರಸ್ತೆಯನ್ನು ಹಿಡಿಯುವ ಲೆಕ್ಕ, 2007ರ ಆಟದಿಂದಲೇ ಸೆಕೆಂಡಿಗೆ 360 ಸಲ ನಡೆಯುವ ಆ ಲೆಕ್ಕ, ಅಮೆರಿಕದ ಟರ್ನ್ 10 ಸಂಸ್ಥೆಯದು. ಮೊಬೈಲ್ ಆಟ ಕಟ್ಟಲು ನಮ್ಮ ಹುಡುಗರು ಹೆಚ್ಚಾಗಿ ಬಳಸುವ ಯೂನಿಟಿಯೊಳಗೆ ಇರುವುದು ಬಾಕ್ಸ್2ಡಿ ಮತ್ತು ಎನ್ವಿಡಿಯಾದ ಫಿಸ್‌ಎಕ್ಸ್. ಗುರುತ್ವ ಎಂಬ ಚೌಕದಲ್ಲಿ 9.81 ಎಂದು ತುಂಬಿದರೆ ಅವರ ಭೌತಶಾಸ್ತ್ರ ಮುಗಿಯಿತು. ಇದಕ್ಕೆ ಬೇಕಾದ ಗಣಿತ ನಮ್ಮ ಬಿ.ಎಸ್ಸಿ. ಪಠ್ಯಕ್ರಮದ ಸಂಖ್ಯಾತ್ಮಕ ವಿಧಾನಗಳ ಅಧ್ಯಾಯದಲ್ಲೇ ಇದೆ. ಪರೀಕ್ಷೆಗಾಗಿ ಬಾಯಿಪಾಠವಾಗಿ ಅಲ್ಲಿಯೇ ಉಳಿದುಬಿಡುತ್ತದೆ.

ಪರದೆಯ ಪ್ರಯೋಗಶಾಲೆಯ ಮಾತಿಗೆ ಬರುತ್ತೇನೆ. ಕೋವಿಡ್ ವರ್ಷಗಳಲ್ಲಿ ವಿದ್ಯಾರ್ಥಿಗಳಿಂದ ಒಂದು ಜಾಲತಾಣದ ಲೋಲಕವನ್ನು ಮಾಡಿಸಬೇಕಾಯಿತು. ಉದ್ದ ಎಷ್ಟೇ ಇಟ್ಟರೂ, ಎಷ್ಟು ಅಗಲ ತೂಗಿಸಿದರೂ ಉತ್ತರ 9.8. ದೊಡ್ಡ ಕೋನದಲ್ಲಿ ತೂಗಿದರೆ ಆವರ್ತಕಾಲ ಹೆಚ್ಚಬೇಕು: 60 ಡಿಗ್ರಿಗೆ ಶೇಕಡಾ 7ರಷ್ಟು. ಆ ಲೋಲಕಕ್ಕೆ ಅದು ತಿಳಿದಿರಲಿಲ್ಲ, ಏಕೆಂದರೆ ಅದು ಲೆಕ್ಕ ಮಾಡುತ್ತಲೇ ಇರಲಿಲ್ಲ; ಪಠ್ಯಪುಸ್ತಕದ ಸೂತ್ರವನ್ನು ಚಿತ್ರವಾಗಿ ತೋರಿಸುತ್ತಿತ್ತು. ಅದರ ಒಳಗೆ ಯಾವ ಸಮೀಕರಣವಿದೆ, ಹೆಜ್ಜೆ ಎಷ್ಟು ಎಂಬುದನ್ನು ನೋಡಲು ದಾರಿಯೂ ಇರಲಿಲ್ಲ. ಟ್ರೆಸ್‌ಪಾಸರ್‌ನ ತೂರಾಡುವ ಪೆಟ್ಟಿಗೆಗಳು ಈ ಲೋಲಕಕ್ಕಿಂತ ಉತ್ತಮ ಪ್ರಯೋಗ ಎಂದರೆ ಯಾರೂ ಸಿಟ್ಟಾಗಬಾರದು. ಇಂಥ ಪ್ರಯೋಗಗಳನ್ನು ಕಾಲೇಜುಗಳು ಉಳಿಸಿಕೊಳ್ಳುವುದಾದರೆ ಒಳಗಿನ ಕ್ರಮವಿಧಿಯನ್ನು ತೆರೆದಿಡುವಂಥವನ್ನು ಮಾತ್ರ ಉಳಿಸಿಕೊಳ್ಳಲಿ. ಸ್ಟೋರರ್‌ನ ಚಂದ್ರನೌಕೆಯ ಭೌತಶಾಸ್ತ್ರ ಇಂದಿನ ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಮೂವತ್ತು ಸಾಲು. ಎರಡು ಪೀರಿಯಡ್ಡಿನಲ್ಲಿ ಬರೆಸಬಹುದು. ಮೊದಲು ಬಿಟ್ಟುಹೋದ ಎರಡನ್ನು ಹಾಗೆಯೇ ಬಿಟ್ಟು ಬರೆಸಿ, ನೌಕೆ ನೆಲ ಮುಟ್ಟಿದರೂ ಕ್ರಮವಿಧಿ ಅದನ್ನು ಗುರುತಿಸದಿರುವುದು ಏಕೆಂದು ವಿದ್ಯಾರ್ಥಿಗಳೇ ಕಾಗದದ ಮೇಲೆ ಹುಡುಕಲಿ.